ಸಮುದ್ರಕ್ಕೆ ಹೋದ ನೀರು ದಂಡವಾ? ಅಘನಾಶಿನಿ, ಶರಾವತಿ ಕೊಡುವ ಲೆಕ್ಕ ನೋಡಿ

ಕನ್ನಂಬಾಡಿ ಕಟ್ಟೆ ತುಂಬಿ ಗೇಟ್ ತೆಗೆದರು ಅಂದರೆ ಸಾಕು, ನಮ್ಮ ಬೆಸಗರಹಳ್ಳಿ, ಮದ್ದೂರು ಕಡೆ ವಾಟ್ಸಾಪ್ ಗುಂಪುಗಳಲ್ಲಿ ಎರಡು ಥರದ ಮೆಸೇಜ್ ಓಡಾಡುತ್ತವೆ. ಒಂದು, ಧುಮ್ಮಿಕ್ಕುವ ನೀರಿನ ವಿಡಿಯೊ. ಇನ್ನೊಂದು, "ಇಷ್ಟು ನೀರು ಸಮುದ್ರ ಸೇರಿ ದಂಡ ಆಯ್ತಲ್ಲಪ್ಪಾ" ಅನ್ನೋ ಮಾತು. ಬೇಸಿಗೆಯಲ್ಲಿ ಕಟ್ಟು ಪದ್ಧತಿಯಲ್ಲಿ ನಾಲೆ ನೀರಿಗೆ ದಿನ ಎಣಿಸುವ ನಮಗೆ ಹೀಗೆ ಅನ್ನಿಸೋದರಲ್ಲಿ ತಪ್ಪೇನಿಲ್ಲ.

ಆದರೆ ಈ ಮಾತನ್ನು ಒಂದು ಸಲ ನದಿಯ ಆ ತುದಿಯಿಂದ ನೋಡೋಣ. ನದಿ ಸಮುದ್ರ ಸೇರುವ ಜಾಗದಲ್ಲಿ ಬದುಕುವ ಮೀನು, ಸಿಗಡಿ, ಚಿಪ್ಪುಜೀವಿಗಳಿಗೆ, ಅವನ್ನೇ ನಂಬಿದ ಜನಕ್ಕೆ ನದಿ ನೀರು ನಮ್ಮ ಬೆಳೆಗೆ ಮಳೆ ಇದ್ದ ಹಾಗೆ. ಮಳೆಯಂತೆ ಅದೂ ಎಷ್ಟು ಬರುತ್ತೆ ಅನ್ನೋದರ ಜೊತೆಗೆ ಯಾವಾಗ ಬರುತ್ತೆ ಅನ್ನೋದು ಮುಖ್ಯ. ಭತ್ತ ಕೊಯ್ಯೋ ಹೊತ್ತಿಗೆ ಸುರಿದ ಮಳೆ ಯಾರಿಗೆ ಬೇಕು ಹೇಳಿ? ಈ ವಾರದ ಲೇಖನ ಅದರ ಬಗ್ಗೆ. ಇದಕ್ಕೆ ನಮ್ಮ ರಾಜ್ಯದಲ್ಲೇ ಅಕ್ಕಪಕ್ಕ ಇರುವ ಎರಡು ನದಿಗಳ ಉದಾಹರಣೆ ಇದೆ.

ಅಳಿವೆ ಅಂದರೆ ಏನು?

ನದಿ ಸಮುದ್ರ ಸೇರುವ ಬಾಯಿಗೆ ಅಳಿವೆ ಅಂತಾರೆ. ದಿನಕ್ಕೆ ಎರಡು ಸಲ ಉಬ್ಬರದಲ್ಲಿ ಸಮುದ್ರದ ಉಪ್ಪುನೀರು ಒಳಗೆ ನುಗ್ಗುತ್ತೆ, ಇಳಿತದಲ್ಲಿ ವಾಪಸ್ ಹೋಗುತ್ತೆ. ಮೇಲಿನಿಂದ ನದಿಯ ಸಿಹಿನೀರು ಬರುತ್ತೆ. ಎರಡೂ ಬೆರೆತ ಸವಳು ನೀರೇ ಅಳಿವೆಯ ಬಂಡವಾಳ.

ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುತ್ತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮ ಘಟ್ಟದಲ್ಲಿ ಮಳೆ ಹೊಡೆಯುವಾಗ ಅಳಿವೆಯ ನೀರು ಹೆಚ್ಚುಕಡಿಮೆ ಸಿಹಿಯಾಗುತ್ತೆ. ಮಳೆ ನಿಂತ ಮೇಲೆ ನದಿ ಸೊರಗುತ್ತಾ ಬರುತ್ತೆ, ಉಪ್ಪು ಮೆಲ್ಲಗೆ ಮೇಲಕ್ಕೆ ಏರುತ್ತೆ. ಏಪ್ರಿಲ್, ಮೇ ಹೊತ್ತಿಗೆ ಬಾಯಿಯ ಹತ್ತಿರ ಸಮುದ್ರದಷ್ಟೇ ಉಪ್ಪಾಗುತ್ತೆ. ಮತ್ತೆ ಮಳೆ ಬರುತ್ತೆ, ಮತ್ತೆ ತೊಳೆಯುತ್ತೆ.

ಅಲ್ಲಿನ ಜೀವಿಗಳ ಕ್ಯಾಲೆಂಡರ್ ನಿಂತಿರುವುದು ಈ ಏರಿಳಿತದ ಮೇಲೆ. ಸಿಗಡಿಯನ್ನೇ ತಗೊಳ್ಳಿ. ಎಷ್ಟೋ ಜಾತಿಯ ಸಿಗಡಿ ಮೊಟ್ಟೆ ಇಡುವುದು ಸಮುದ್ರದಲ್ಲಿ. ಮರಿಗಳು ಉಬ್ಬರದ ಜೊತೆ ಅಳಿವೆಗೆ ಬಂದು, ಕಾಂಡ್ಲಾ ಗಿಡಗಳ ಬೇರುಗಳ ನಡುವೆ ಬೆಳೆದು, ದೊಡ್ಡವಾದ ಮೇಲೆ ಮತ್ತೆ ಸಮುದ್ರಕ್ಕೆ ಹೋಗುತ್ತವೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಅಳಿವೆ ಅನ್ನೋದು ಸಮುದ್ರದ ಸಸಿಮಡಿ. ಸಸಿಮಡಿಗೆ ನೀರು ತಪ್ಪಿದರೂ ಕಷ್ಟ, ಹೊತ್ತಲ್ಲದ ಹೊತ್ತಲ್ಲಿ ನೀರು ನಿಂತರೂ ಕಷ್ಟ.

ಅಣೆಕಟ್ಟೆ ಇಲ್ಲದ ಅಘನಾಶಿನಿ

ಅಘನಾಶಿನಿ ಹುಟ್ಟೋದು ಶಿರಸಿ ಬಳಿ. ಉಂಚಳ್ಳಿಯಲ್ಲಿ 116 ಮೀಟರ್ ಎತ್ತರದಿಂದ ಧುಮುಕಿ, ಕುಮಟಾ ತಾಲ್ಲೂಕಿನಲ್ಲಿ ತದಡಿ ಹತ್ತಿರ ಅರಬ್ಬಿ ಸಮುದ್ರ ಸೇರುತ್ತೆ. ಈ ನದಿಗೆ ಇವತ್ತಿಗೂ ಒಂದೂ ದೊಡ್ಡ ಅಣೆಕಟ್ಟೆ ಇಲ್ಲ. ಮಳೆಗಾಲದಲ್ಲಿ ಉಕ್ಕುತ್ತೆ, ಬೇಸಿಗೆಯಲ್ಲಿ ಸೊರಗುತ್ತೆ. ಸಾವಿರಾರು ವರ್ಷದಿಂದ ಹೇಗಿತ್ತೋ ಹಾಗೇ.

ಇದರ ಅಳಿವೆಯಲ್ಲಿ ಸಿಗುವ ಬಳಚು ಕರಾವಳಿಯಲ್ಲೆಲ್ಲ ಹೆಸರುವಾಸಿ. ಬಳಚು ಅಂದರೆ ಎರಡು ಚಿಪ್ಪಿನ ನಡುವೆ ಮಾಂಸ ಇರುವ ಜೀವಿ. ಮಂಗಳೂರು ಕಡೆ ಇದಕ್ಕೆ ಮರುವಾಯಿ ಅಂತಾರೆ. ಇಳಿತದ ಹೊತ್ತಿಗೆ ಹೆಂಗಸರು, ಗಂಡಸರು ನೀರಿಗಿಳಿದು ಕೈಯಲ್ಲೇ ತಡಕಿ ಆರಿಸುತ್ತಾರೆ. ಇದಕ್ಕೆ ದೋಣಿ ಬೇಡ, ಬಲೆ ಬೇಡ, ಸಾಲ ಬೇಡ. ತುಂಡು ಜಮೀನೂ ಇಲ್ಲದವರಿಗೆ ಇದೇ ದಿನಗೂಲಿ, ಇದೇ ಮನೆಮಂದಿಯ ಪ್ರೋಟೀನ್.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದವರು ಸುಮಾರು 2008ರ ಹೊತ್ತಿಗೆ ಇದರ ಲೆಕ್ಕ ಹಾಕಿದ್ದರು. ಈ ಒಂದು ಅಳಿವೆಯಿಂದ ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪುಜೀವಿ, ಆಗಿನ ಬೆಲೆಯಲ್ಲಿ ಐದೂವರೆ ಕೋಟಿ ರೂಪಾಯಿಗೂ ಮೇಲೆ, 2,300ಕ್ಕೂ ಹೆಚ್ಚು ಜನಕ್ಕೆ ನೇರ ಕೆಲಸ. ಯಾರೂ ಗೊಬ್ಬರ ಹಾಕಿಲ್ಲ, ಬಿತ್ತಿಲ್ಲ. ಖರ್ಚಿಲ್ಲದ ಬೆಳೆ. ನಾವು "ದಂಡ" ಅನ್ನೋ ನೀರೇ ಇದಕ್ಕೆ ನೀರಾವರಿ.

2024ರ ಜನವರಿಯಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿತು. ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅಂತ ಮಾನ್ಯತೆ ಸಿಕ್ಕಿತು. ವಿಸ್ತೀರ್ಣ 4,801 ಹೆಕ್ಟೇರ್.

ಹಾಗಂತ ಅಲ್ಲಿ ಎಲ್ಲ ಸರಿಯಾಗಿದೆ ಅಂತಲ್ಲ. ಮರಿಗಳನ್ನೂ ಬಿಡದೆ ಬಾಚಿದರೆ, ಮರಳು ಎತ್ತಿದರೆ, ಚಿಪ್ಪಿನ ಗಣಿಗಾರಿಕೆ ಮಾಡಿದರೆ ಬಳಚು ಉಳಿಯಲ್ಲ. ನೀರು ಸರಿಯಾಗಿ ಬಂದರೂ ನಮ್ಮ ಕೈ ಸುಮ್ಮನಿರಬೇಕಲ್ಲ.

ಭತ್ತ ಬೆಳೆಯುವವರು ಕಗ್ಗ ನೋಡಬೇಕು

ಅಘನಾಶಿನಿ ದಡದ ಗಜನಿ ಗದ್ದೆಗಳ ಪದ್ಧತಿ ನಮ್ಮಂಥ ರೈತರಿಗೆ ತುಂಬಾ ಇಷ್ಟ ಆಗುತ್ತೆ. ಗಜನಿ ಅಂದರೆ ಉಬ್ಬರದ ಉಪ್ಪುನೀರು ನುಗ್ಗುವ ತಗ್ಗು ಭೂಮಿ. ಅದಕ್ಕೆ ಏರಿ ಹಾಕಿ, ನಮ್ಮ ಕೆರೆ ತೂಬಿನ ಥರ ಹಲಗೆ ಬಾಗಿಲು ಇಟ್ಟಿರುತ್ತಾರೆ.

ಮಳೆಗಾಲ ಶುರುವಾಗಿ ಮಣ್ಣಿನ ಉಪ್ಪು ತೊಳೆದ ಮೇಲೆ ಕಗ್ಗ ಭತ್ತ ಬಿತ್ತುತ್ತಾರೆ. ಎತ್ತರಕ್ಕೆ ಬೆಳೆಯುವ, ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ದೇಸಿ ತಳಿ ಅದು. ರಾಸಾಯನಿಕ ಗೊಬ್ಬರ, ಔಷಧ ಬೇಕಾಗಿಲ್ಲ. ಕೊಯ್ಲಿನಲ್ಲಿ ತೆನೆ ಮಾತ್ರ ಕೊಯ್ದು ಹುಲ್ಲನ್ನು ಗದ್ದೆಯಲ್ಲೇ ಬಿಡುತ್ತಾರೆ. ಆಮೇಲೆ ಬಾಗಿಲು ತೆಗೆದರೆ ಉಪ್ಪುನೀರಿನ ಜೊತೆ ಸಿಗಡಿ, ಮೀನಿನ ಮರಿ ಒಳಗೆ ಬರುತ್ತವೆ. ಕೊಳೆಯುವ ಹುಲ್ಲು ಅವುಗಳ ಆಹಾರದ ಮೂಲವಾಗುತ್ತೆ. ಬೇಸಿಗೆವರೆಗೂ ಮೀನು ಸಿಗುತ್ತೆ. ಮೀನಿನ ಹಿಕ್ಕೆ, ಹಕ್ಕಿಗಳ ಹಿಕ್ಕೆ ಮುಂದಿನ ಭತ್ತಕ್ಕೆ ಗೊಬ್ಬರ.

ಸಮಗ್ರ ಕೃಷಿ ಅಂತ ನಾವು ತರಬೇತಿಗಳಲ್ಲಿ ಕೇಳೋದು ಇದನ್ನೇ ಅಲ್ಲವಾ? ಆದರೆ ಒಂದು ವಿಷಯ ಗಮನಿಸಿ. ಇದು ನಡೆಯಬೇಕಾದರೆ ಜೂನ್‌ನಲ್ಲಿ ನೀರು ಸಿಹಿಯಾಗಬೇಕು, ಕೊಯ್ಲಾದ ಮೇಲೆ ಉಪ್ಪಾಗಬೇಕು. ಮಳೆಗಾಲದಲ್ಲಿ ನದಿ ಬಾರದಿದ್ದರೆ ಭತ್ತ ಹೋಗುತ್ತೆ. ಬೇಸಿಗೆಯಲ್ಲೂ ಸಿಹಿನೀರೇ ತುಂಬಿದ್ದರೆ ಸಿಗಡಿ ಹೋಗುತ್ತೆ. ಹತ್ತಿರದ ಸಾಣಿಕಟ್ಟೆಯ ಉಪ್ಪಿನ ಆಗರಗಳಿಗೂ ಬೇಸಿಗೆಯ ಉಪ್ಪುನೀರೇ ಕಚ್ಚಾಮಾಲು. ಒಂದೇ ಅಳಿವೆಯಲ್ಲಿ ಅಕ್ಕಿ, ಮೀನು, ಬಳಚು, ಉಪ್ಪು. ಒಂದೊಂದಕ್ಕೂ ಅದರದೇ ತಿಂಗಳು.

ಪಕ್ಕದ ಶರಾವತಿಯಲ್ಲಿ ಏನಾಯ್ತು?

ಕುಮಟಾದಿಂದ ಹೊನ್ನಾವರ ಸುಮಾರು 20 ಕಿ.ಮೀ. ಅಲ್ಲಿ ಶರಾವತಿ ಸಮುದ್ರ ಸೇರುತ್ತೆ. ಎರಡೂ ನದಿ ಒಂದೇ ಘಟ್ಟದವು, ಸೇರೋದು ಒಂದೇ ಸಮುದ್ರಕ್ಕೆ. ವ್ಯತ್ಯಾಸ ಅಂದರೆ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಬಂತು. ಆಮೇಲೆ ಕೆಳಗೆ ಗೇರುಸೊಪ್ಪೆಯಲ್ಲೂ ಒಂದು ಬಂತು. ಲಿಂಗನಮಕ್ಕಿಯಲ್ಲಿ ಸುಮಾರು 152 ಟಿಎಂಸಿ ನೀರು ಹಿಡಿಯುತ್ತೆ. ಕೆಆರ್‌ಎಸ್‌ನ ಮೂರು ಪಟ್ಟು ಅಂದುಕೊಳ್ಳಿ.

ಈ ನೀರು ಬಹುಪಾಲು ಕರೆಂಟಿಗೆ. ಟರ್ಬೈನ್ ತಿರುಗಿಸಿದ ನೀರು ಮತ್ತೆ ನದಿಗೇ ಬರುತ್ತೆ. ಹಾಗಾದರೆ ಅಳಿವೆಗೆ ನಷ್ಟ ಏನು? ಒಟ್ಟು ನೀರು ಅಷ್ಟೇನೂ ಕಡಿಮೆಯಾಗಿಲ್ಲವಲ್ಲ? ವಿಷಯ ಇರೋದೇ ಇಲ್ಲಿ. ಮಳೆಗಾಲದ ನೀರು ಅಣೆಕಟ್ಟೆಯಲ್ಲಿ ಕೂತುಬಿಡುತ್ತೆ. ಬೇಸಿಗೆಯಲ್ಲಿ ಕರೆಂಟಿನ ಬೇಡಿಕೆ ಹೆಚ್ಚಾದಾಗ ಟರ್ಬೈನ್ ಓಡುತ್ತೆ, ಸಿಹಿನೀರು ಕೆಳಗೆ ಬರುತ್ತೆ. ಉಪ್ಪು ಏರಬೇಕಾದ ತಿಂಗಳುಗಳಲ್ಲಿ ಅಳಿವೆ ಸಿಹಿಯಾಗಿಯೇ ಉಳಿಯುತ್ತೆ.

ಉಪ್ಪು ಬೇಕಾದ ಬಳಚಿನ ಜಾತಿಗಳು ಅಲ್ಲಿ ಕುಸಿದವು. ಅಘನಾಶಿನಿಯಲ್ಲಿ ಸಾವಿರಾರು ಜನಕ್ಕೆ ಕೆಲಸ ಕೊಟ್ಟ ಜೀವಿ, 20 ಕಿ.ಮೀ. ಆಚೆ ಅದೇ ಥರದ ಅಳಿವೆಯಲ್ಲಿ ಕೈಗೆ ಸಿಗದ ಹಾಗಾಯ್ತು. ಎರಡೂ ಅಳಿವೆಗಳನ್ನು ಹೋಲಿಸಿ ನೋಡಿದ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಬೊಟ್ಟು ಮಾಡಿದ್ದು ಈ ಸಿಹಿನೀರಿನ ಕಡೆಗೇ.

ಇಲ್ಲಿ ಯಾರನ್ನೂ ಕಳ್ಳ ಮಾಡೋದು ನನ್ನ ಉದ್ದೇಶ ಅಲ್ಲ. ಬೇಸಿಗೆಯಲ್ಲಿ ನಮ್ಮ ಪಂಪ್‌ಸೆಟ್ ಓಡಿಸುವ ಕರೆಂಟಿನಲ್ಲಿ ಶರಾವತಿಯ ಪಾಲೂ ಇದೆ. ಆದರೆ ಆ ಯೂನಿಟ್‌ನ ಬೆಲೆಯಲ್ಲಿ ಹೊನ್ನಾವರದ ಬಳಚು ಆರಿಸುವ ಹೆಂಗಸಿನ ಕೂಲಿ ಸೇರಿಲ್ಲ. ಅದು ಗೊತ್ತಿರಲಿ.

ಅಮೆರಿಕದ ಒಂದು ಕೊಲ್ಲಿ, ಒಂದು ಕೋರ್ಟ್ ಕೇಸು

ಶರಾವತಿಗೆ ಪೂರ್ತಿ ಉಲ್ಟಾ ಉದಾಹರಣೆ ಅಮೆರಿಕದಲ್ಲಿದೆ. ಕೇಳಿದರೆ ಕಾವೇರಿ ನೆನಪಾಗದೆ ಇರಲ್ಲ.

ಫ್ಲೋರಿಡಾ ರಾಜ್ಯದ ಅಪಲಾಚಿಕೋಲಾ ಕೊಲ್ಲಿ ಸಿಂಪಿಗೆ ಹೆಸರಾದ ಜಾಗ. ಅದಕ್ಕೆ ನೀರು ಬರೋದು ಮೇಲಿನ ಜಾರ್ಜಿಯಾ ರಾಜ್ಯದಿಂದ. ಅಲ್ಲಿ ಅಟ್ಲಾಂಟಾ ನಗರ ಕುಡಿಯೋಕೆ ಬಳಸುತ್ತೆ, ರೈತರು ಹತ್ತಿ, ಕಡಲೆಕಾಯಿ, ಜೋಳಕ್ಕೆ ಹಾಯಿಸುತ್ತಾರೆ. ಬರಗಾಲದ ಹೊತ್ತಿಗೆ, 2012ರಲ್ಲಿ, ನದಿ ಸೊರಗಿ ಕೊಲ್ಲಿಯಲ್ಲಿ ಉಪ್ಪು ಏರಿತು. ಉಪ್ಪು ಹೆಚ್ಚಾದಾಗ ಸಮುದ್ರದ ಕಡೆಯಿಂದ ಸಿಂಪಿ ತಿನ್ನುವ ಶಂಖದ ಹುಳುಗಳು ಒಳಗೆ ಬರುತ್ತವೆ, ರೋಗವೂ ಹೆಚ್ಚುತ್ತೆ. ಸಿಂಪಿ ಕುಸಿದುಹೋಯ್ತು.

2013ರಲ್ಲಿ ಫ್ಲೋರಿಡಾ ಅಲ್ಲಿನ ಸುಪ್ರೀಂ ಕೋರ್ಟಿಗೆ ಹೋಯ್ತು. 2020ರ ಕೊನೆಗೆ ಕೊಲ್ಲಿಯಲ್ಲಿ ಸಿಂಪಿ ತೆಗೆಯೋದನ್ನೇ ಐದು ವರ್ಷ ನಿಲ್ಲಿಸಿದರು. 2021ರ ಏಪ್ರಿಲ್‌ನಲ್ಲಿ ತೀರ್ಪು ಬಂತು, ಫ್ಲೋರಿಡಾ ಸೋತಿತು. ಸಿಂಪಿ ಕುಸಿಯೋಕೆ ಜಾರ್ಜಿಯಾದ ನೀರಿನ ಬಳಕೆಯೇ ಕಾರಣ ಅಂತ ಸಾಬೀತಾಗಿಲ್ಲ, ಅತಿಯಾಗಿ ಬಾಚಿದ್ದೂ ಕಾರಣ ಇರಬಹುದು ಅಂತ ಕೋರ್ಟ್ ಹೇಳಿತು.

ಶರಾವತಿಯಲ್ಲಿ ಬೇಸಿಗೆಯ ಸಿಹಿನೀರು ಹೆಚ್ಚಾಗಿ ಕೆಟ್ಟಿತು. ಅಪಲಾಚಿಕೋಲಾದಲ್ಲಿ ಸಿಹಿನೀರು ಕಡಿಮೆಯಾಗಿ ಕೆಟ್ಟಿತು. ಅಳಿವೆಗೆ ಬೇಕಾಗಿರೋದು ಆಯಾ ಕಾಲದ ನೀರು. ಒಮ್ಮೆ ಕೆಟ್ಟ ಮೇಲೆ ಕೋರ್ಟಿಗೆ ಹೋದರೂ ಸಿಂಪಿ ವಾಪಸ್ ಬರಲಿಲ್ಲ.

ಕಾವೇರಿ ಲೆಕ್ಕದಲ್ಲಿ ಸಮುದ್ರದ ಪಾಲೆಷ್ಟು?

ಈಗ ನಮ್ಮ ಮನೆ ಬಾಗಿಲಿಗೆ ಬರೋಣ. ಬೆಸಗರಹಳ್ಳಿ ಸುತ್ತ ಬಿದ್ದ ಮಳೆ ಹಳ್ಳ, ಕೆರೆ ದಾಟಿ ಶಿಂಷಾಗೆ ಹೋಗುತ್ತೆ. ಶಿಂಷಾ ಮಳವಳ್ಳಿ ತಾಲ್ಲೂಕಿನಲ್ಲಿ ಶಿವನಸಮುದ್ರದ ಕೆಳಗೆ ಕಾವೇರಿ ಸೇರುತ್ತೆ. ಅಲ್ಲಿಂದ ಮೆಟ್ಟೂರು, ಕಲ್ಲಣೈ ದಾಟಿ ಬಂಗಾಳ ಕೊಲ್ಲಿ. ಅಂದರೆ ನಾವೂ ಒಂದು ಅಳಿವೆಯ ಮೇಲ್ದಂಡೆಯ ಜನ. ಪೂಂಪುಹಾರ್‌ನಲ್ಲಿ ಕಾವೇರಿ ಅನ್ನೋ ಹೆಸರಿನಲ್ಲೇ ಸಮುದ್ರ ಸೇರುವ ಕವಲು ಇವತ್ತು ವರ್ಷದ ಹೆಚ್ಚು ದಿನ ಒಂದು ಕಾಲುವೆಯಷ್ಟೇ. ನೆರೆ ಬಂದಾಗ ನೀರು ಮುಖ್ಯವಾಗಿ ಹೋಗೋದು ಕೊಳ್ಳಿಡಂ ಕವಲಿನಲ್ಲಿ.

ಕಾವೇರಿ ನ್ಯಾಯಮಂಡಳಿ 2007ರ ಅಂತಿಮ ತೀರ್ಪಿನಲ್ಲಿ ಒಟ್ಟು ನೀರನ್ನು 740 ಟಿಎಂಸಿ ಅಂತ ಲೆಕ್ಕ ಹಾಕಿತು. ಅದರಲ್ಲಿ ಪರಿಸರಕ್ಕೆ 10 ಟಿಎಂಸಿ, ಅನಿವಾರ್ಯವಾಗಿ ಸಮುದ್ರ ಸೇರುವ ನೀರು 4 ಟಿಎಂಸಿ. ಎರಡೂ ಸೇರಿ 14. ನೂರಕ್ಕೆ ಎರಡೂ ಆಗಲ್ಲ. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕಕ್ಕೆ 14.75 ಟಿಎಂಸಿ ಹೆಚ್ಚು ಕೊಟ್ಟು ನಮ್ಮ ಪಾಲನ್ನು 284.75ಕ್ಕೆ ಏರಿಸಿತು. ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ವರ್ಷಕ್ಕೆ 177.25 ಟಿಎಂಸಿ, ತಿಂಗಳ ಲೆಕ್ಕದಲ್ಲಿ.

ನಮ್ಮ ಪಾಲಿಗಾಗಿ ಹೋರಾಡೋದು ಬೇಡ ಅಂತ ಮಂಡ್ಯದವನಾಗಿ ನಾನು ಯಾವತ್ತೂ ಹೇಳಲ್ಲ. ಆದರೆ ಎರಡು ರಾಜ್ಯಗಳ ರೈತರು ಇಷ್ಟು ವರ್ಷ ಹಂಚಿಕೊಂಡ ಲೆಕ್ಕದಲ್ಲಿ ನದಿಯ ಬಾಯಿಯಲ್ಲಿರುವ ಮೀನುಗಾರ ಎಲ್ಲೋ ಕೊನೆಯ ಸಾಲಿನಲ್ಲಿದ್ದಾನೆ. ಮೀನಿಗೆ ಮರಿ ಮಾಡಲು ಬಿಡುವು ಬೇಕು ಅಂತ ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರೀಕೃತ ಮೀನುಗಾರಿಕೆ ನಿಲ್ಲಿಸುತ್ತೇವೆ. ಆ ಮರಿ ಬೆಳೆಯೋಕೆ ಬೇಕಾದ ನದಿ ನೀರಿಗೆ ಅಂಥ ಕಟ್ಟುನಿಟ್ಟು ಇಲ್ಲ.

ಬೇಡ್ತಿಯನ್ನು ವರದಾಕ್ಕೆ, ಅಘನಾಶಿನಿಯನ್ನು ವೇದಾವತಿಗೆ ತಿರುಗಿಸುವ ಪ್ರಸ್ತಾಪಗಳೂ ಇವೆ. ಬಯಲುಸೀಮೆಯ ರೈತನಿಗೆ ನೀರು ಬೇಕು ಅನ್ನೋದು ಸುಳ್ಳಲ್ಲ. ಆದರೆ "ಹೇಗೂ ಸಮುದ್ರಕ್ಕೆ ಹೋಗೋ ನೀರು ತಾನೇ" ಅಂತ ಯಾರಾದರೂ ಶುರು ಮಾಡಿದರೆ, ಮಣಿಕಟ್ಟಾದ ಕಗ್ಗ, ತದಡಿಯ ಬಳಚು ಆ ಲೆಕ್ಕದಲ್ಲಿ ಇದೆಯಾ ಅಂತ ಕೇಳಿ.

ನೀರಿನ ಜೊತೆ ಹೋಗೋದೇನು?

ನದಿ ಬರೀ ನೀರು ತಗೊಂಡು ಹೋಗಲ್ಲ. ಮೆಕ್ಕಲು, ಮರಳು, ಸಿಲಿಕಾ ಕೂಡ ಹೋಗುತ್ತೆ. ಕಬ್ಬು, ಭತ್ತ ಸಿಲಿಕಾ ಚೆನ್ನಾಗಿ ಹೀರುವ ಬೆಳೆಗಳು ಅಂತ ನಿಮಗೆ ಗೊತ್ತು. ಬಳಚು, ಮೀನಿನ ಮರಿ ತಿನ್ನುವ ಕಣ್ಣಿಗೆ ಕಾಣದ ಒಂದು ಜಾತಿ ಪಾಚಿಗೂ ಮೈ ಚಿಪ್ಪು ಕಟ್ಟಿಕೊಳ್ಳೋಕೆ ಸಿಲಿಕಾನೇ ಬೇಕು. ಅಣೆಕಟ್ಟೆಯ ನಿಂತ ನೀರಿನಲ್ಲಿ ಮೆಕ್ಕಲು, ಸಿಲಿಕಾ ಎರಡೂ ತಳಕ್ಕೆ ಕೂರುತ್ತವೆ.

ಆದರೆ ನಾವು ಹಾಕಿದ ಸಾರಜನಕ ನೀರಲ್ಲಿ ಕರಗಿ ಮುಂದೆ ಹೋಗುತ್ತೆ. ಅಮೆರಿಕದ ಮಿಸಿಸಿಪ್ಪಿ ನದಿ ಪ್ರತಿ ವಸಂತದಲ್ಲಿ ಜೋಳದ ಹೊಲಗಳ ಗೊಬ್ಬರ ಹೊತ್ತು ಮೆಕ್ಸಿಕೊ ಕೊಲ್ಲಿಗೆ ಸುರಿಯುತ್ತೆ. ಪಾಚಿ ಉಕ್ಕುತ್ತೆ, ಸತ್ತು ಕೊಳೆಯುತ್ತೆ, ತಳದ ನೀರಿನ ಆಮ್ಲಜನಕ ಖಾಲಿಯಾಗುತ್ತೆ. 2017ರಲ್ಲಿ ಅಂಥ ಉಸಿರಿಲ್ಲದ ನೀರು 22,000 ಚದರ ಕಿ.ಮೀ.ಗೂ ಹೆಚ್ಚು ಹರಡಿತ್ತು. ಮಂಡ್ಯ ಜಿಲ್ಲೆಯ ನಾಲ್ಕು ಪಟ್ಟಿಗೂ ಜಾಸ್ತಿ.

ನಾವು ಮಾಡಬಹುದಾದ್ದು

ಅಣೆಕಟ್ಟೆಯ ಗೇಟ್ ನಮ್ಮ ಕೈಲಿಲ್ಲ. ಗದ್ದೆಯ ಮಡೆ ನಮ್ಮ ಕೈಲಿದೆ. ಕೆಳಗಿನ ಐದೂ ಕೆಲಸ ಮೊದಲು ಉಳಿಸೋದು ನಿಮ್ಮ ದುಡ್ಡನ್ನೇ.

1. ಭತ್ತಕ್ಕೆ ನೀರು ಕಟ್ಟಿ, ಆರಿಸಿ, ಮತ್ತೆ ಕಟ್ಟಿ. ಸುಮಾರು 30 ಸೆಂ.ಮೀ. ಉದ್ದದ ಪಿವಿಸಿ ಪೈಪಿನ ಕೆಳಭಾಗಕ್ಕೆ ತೂತು ಹೊಡೆದು ಗದ್ದೆಯಲ್ಲಿ ಹೂಳಿ, ಒಳಗಿನ ಮಣ್ಣು ತೆಗೆಯಿರಿ. ಪೈಪಿನಲ್ಲಿ ನೀರು ಮಣ್ಣಿನ ಮಟ್ಟಕ್ಕಿಂತ 15 ಸೆಂ.ಮೀ. ಕೆಳಗಿಳಿದಾಗ ಮತ್ತೆ ನೀರು ಕೊಡಿ. ನಾಟಿಯಾದ ಮೊದಲ ಎರಡು ವಾರ ಮತ್ತು ಹೂವಾಡುವ ಹೊತ್ತಿನಲ್ಲಿ ಮಾತ್ರ ನೀರು ನಿಂತಿರಲಿ.

2. ಯೂರಿಯಾ ಬಳಸುವವರು ಒಂದೇ ಸಲ ಸುರಿಯಬೇಡಿ. ಅದರಲ್ಲಿ 46% ಸಾರಜನಕ ಇರುತ್ತೆ, ಮಳೆ ಬಂದರೆ ಅದರಲ್ಲಿ ಎಷ್ಟೋ ಪಾಲು ತೊಳೆದು ಹೋಗುತ್ತೆ. ಮೂರು ಕಂತು ಮಾಡಿ. ಹಾಕುವ ಮುಂಚೆ ಮೊಬೈಲಿನಲ್ಲಿ ಮೂರು ದಿನದ ಮಳೆ ಮುನ್ಸೂಚನೆ ನೋಡಿ.

3. ನನ್ನ ಹಾಗೆ ಸಾವಯವ ಮಾಡುವವರಿಗೂ ಈ ಮಾತು ಅನ್ವಯಿಸುತ್ತೆ. ಹಸಿ ಸಗಣಿ, ಕೋಳಿ ಗೊಬ್ಬರವನ್ನು ಹಳ್ಳದ ಪಕ್ಕ ರಾಶಿ ಹಾಕಿದರೆ ಅದರ ರಸವೂ ಹಳ್ಳಕ್ಕೇ ಹೋಗೋದು. ತಿಪ್ಪೆ ಎತ್ತರದ ಜಾಗದಲ್ಲಿರಲಿ, ಮಳೆಗಾಲದಲ್ಲಿ ಮುಚ್ಚಿರಲಿ.

4. ಕಬ್ಬಿನ ತರಗು ಸುಡಬೇಡಿ. ಸಾಲಿನ ನಡುವೆ ಹೊದಿಸಿದರೆ ತೇವ ಉಳಿಯುತ್ತೆ, ಮೊದಲ ಮಳೆಗೆ ಮಣ್ಣು ಕೊಚ್ಚಿಹೋಗಲ್ಲ.

5. ಹಳ್ಳ, ನಾಲೆ ಪಕ್ಕದ ಬದುವಿನಲ್ಲಿ ಲಾವಂಚ ಅಥವಾ ನೇಪಿಯರ್ ಹುಲ್ಲು ಹಾಕಿ. ಮಣ್ಣು ನಿಲ್ಲುತ್ತೆ, ಹಸುವಿಗೆ ಮೇವೂ ಆಯ್ತು.

ಇದರಿಂದ ಪೂಂಪುಹಾರ್‌ನಲ್ಲಿ ನಾಳೆಯೇ ಮೀನು ತುಂಬಿಬಿಡುತ್ತೆ ಅಂತ ನಾನು ಹೇಳ್ತಿಲ್ಲ. ಬೇಸಿಗೆಯಲ್ಲಿ ಒಂದು ಕಟ್ಟು ನೀರು ಉಳಿದರೆ ಅದು ಮೊದಲು ನಾಲೆಯ ಕೊನೆ ಭಾಗದ ಮಳವಳ್ಳಿ ರೈತನಿಗೆ ಮುಟ್ಟುತ್ತೆ. ಅವನು ನಮಗೆ ಕೆಳದಂಡೆ, ನಾವು ಅವನಿಗೆ ಮೇಲ್ದಂಡೆ. ಹೀಗೇ ಒಬ್ಬರಿಗೆ ಒಬ್ಬರು ಅಂತ ಲೆಕ್ಕ ಹಾಕುತ್ತಾ ಹೋದರೆ ಕೊನೆಗೆ ಸಮುದ್ರದ ದಡದ ದೋಣಿಯವನವರೆಗೂ ಹೋಗುತ್ತೆ.

ಭತ್ತದ ಪೈಪನ್ನು ಹಳೇ ಬೋರ್‌ವೆಲ್ ಪೈಪ್ ತುಂಡಿನಲ್ಲಿ ಮನೆಯಲ್ಲೇ ಹೇಗೆ ಮಾಡಿಕೊಳ್ಳೋದು, ಗದ್ದೆಯಲ್ಲಿ ಎಲ್ಲಿ ಹೂಳೋದು ಅನ್ನೋದನ್ನು ಮುಂದಿನ ವಾರ ಫೋಟೊ ಸಮೇತ ತೋರಿಸುತ್ತೇನೆ. ಅಷ್ಟರೊಳಗೆ ಒಂದು ತುಂಡು ಪೈಪ್ ಎತ್ತಿಟ್ಟುಕೊಳ್ಳಿ.